ಲೆಕ್ಕಪತ್ರಗಳ ರಕ್ಷಣೆ: ಸಣ್ಣ ವ್ಯಾಪಾರಕ್ಕೆ ಒಪ್ಪುವ ಬ್ಯಾಕಪ್ ಕ್ರಮ

ಕ್ರಿ.ಶ. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದ ಪೊನ್ನಕವಿಯು ರಚಿಸಿದ ಕೃತಿಗಳಲ್ಲಿ 'ಶಾಂತಿಪುರಾಣ', 'ಭುವನೈಕರಾಮಾಭ್ಯುದಯ' ಎಂಬೆರಡು ಕಾವ್ಯಗಳು ಪ್ರಸಿದ್ಧವಾದವು. ಇವುಗಳಲ್ಲಿ ಮೊದಲನೆಯದು ಇಂದಿಗೂ ಓದುಗರ ಕೈಯಲ್ಲಿದೆ. ಎರಡನೆಯದು ಹೆಸರಿನಿಂದ ಪರಿಚಿತವಾಗಿದೆಯೇ ಹೊರತು ಅದರ ಪೂರ್ಣಪ್ರತಿಯು ದೊರೆತಿಲ್ಲ. ಒಂದೇ ಲೇಖನಿಯಿಂದ ಹೊರಟ ಎರಡು ಕೃತಿಗಳಿಗೆ ಹೀಗೆ ಎರಡು ಗತಿಗಳೊದಗಿದವು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿಯು ಕನ್ನಡಿಗರಿಗೆ ಸುಪರಿಚಿತವಾಗಿದೆ. ಆ ಕಾವ್ಯವು ಉಳಿದುಬರಲು ಪ್ರತಿಗಳ ಸಂಖ್ಯೆಯೊಂದೇ ಕಾರಣವೆಂದು ಸಾಧಿಸುವುದು ಕಷ್ಟ. ಆದರೂ ಸಾವಿರ ಪ್ರತಿಗಳು ಒಂದೇ ಭಂಡಾರದಲ್ಲಿ ಕೂಡದೆ ಹಲವು ಕೈಗಳಿಗೆ ಹಂಚಿಹೋದುದರಲ್ಲಿ ಒಂದು ದೊಡ್ಡ ವಿವೇಕವಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಗೆದ್ದಲು ಒಂದು ಮನೆಯ ಓಲೆಯನ್ನು ತಿಂದರೆ ಇನ್ನೊಂದು ಊರಿನ ಓಲೆಯು ಉಳಿಯುತ್ತದೆ.

ಆ ವಿವೇಕವು ಇಂದು ಪೇಟೆಯ ಚಿಕ್ಕ ಅಂಗಡಿಗೂ ಬೇಕಾಗಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ವ್ಯಾಪಾರಸ್ಥರು ಹಿಂದೆ ಕೆಂಪು ಬಟ್ಟೆಯ ರಟ್ಟು ಹಾಕಿದ ಕಿರ್ದಿ-ಖತಾವಣಿಗಳಲ್ಲಿ ಲೆಕ್ಕವಿಡುತ್ತಿದ್ದರು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಆ ಪುಸ್ತಕಗಳಿಗೆ ಅರಿಷಿಣ ಕುಂಕುಮಗಳು ಸಲ್ಲುತ್ತಿದ್ದವು. ಈಗ ಆ ಲೆಕ್ಕವು ಬಹುಮಟ್ಟಿಗೆ ಕಂಪ್ಯೂಟರಿಗೆ ಅಥವಾ ಕಿಸೆಯಲ್ಲಿರುವ ಮೊಬೈಲಿಗೆ ಸೇರಿದೆ. ರೈತರ ಪಹಣಿಗಳೇ 'ಭೂಮಿ' ಯೋಜನೆಯ ಮೂಲಕ 2000ದ ಸುಮಾರಿಗೆ ಕೈಬರಹವನ್ನು ಬಿಟ್ಟು ಗಣಕಯಂತ್ರವನ್ನು ಸೇರಿದ ಮೇಲೆ ಅಂಗಡಿಯ ಲೆಕ್ಕವು ಹಿಂದುಳಿಯುವುದು ಸಾಧ್ಯವಿರಲಿಲ್ಲ. ಇದರಿಂದ ಕೂಡಿಸುವ ಕಳೆಯುವ ಶ್ರಮವು ತಪ್ಪಿತು, ತೆರಿಗೆಯ ವಿವರಣೆ ಸುಲಭವಾಯಿತು. ಆದರೆ ಹೊಸ ಅಪಾಯವೊಂದು ಕೂಡಿಕೊಂಡಿತು. ಕಿರ್ದಿ ಪುಸ್ತಕವು ನೆನೆದರೂ ಒಣಗಿಸಿ ಓದಬಹುದಿತ್ತು, ಹರಿದರೂ ಅಂಟಿಸಬಹುದಿತ್ತು. ಕಂಪ್ಯೂಟರಿನ ಡಿಸ್ಕ್ ಕೆಟ್ಟಾಗ ಮಾತ್ರ ಹತ್ತು ವರ್ಷದ ಲೆಕ್ಕವು ಒಂದು ಕ್ಷಣದಲ್ಲಿ, ಯಾವ ಸೂಚನೆಯೂ ಇಲ್ಲದೆ, ಕಣ್ಮರೆಯಾಗಬಹುದು.

ಹಾಗೆ ಕಣ್ಮರೆಯಾದಾಗ ನಷ್ಟವು ಹಣದ್ದಷ್ಟೇ ಅಲ್ಲ. ಗೊಬ್ಬರ-ಬೀಜದ ಅಂಗಡಿಯವನು ಮುಂಗಾರಿನಲ್ಲಿ ಉದ್ರಿ ಕೊಟ್ಟು ಸುಗ್ಗಿಯಲ್ಲಿ ವಸೂಲು ಮಾಡುತ್ತಾನೆ. ಉದ್ರಿಯ ಲೆಕ್ಕವು ಅಳಿಸಿಹೋದರೆ ಎರಡೇ ದಾರಿಗಳು ಉಳಿಯುತ್ತವೆ: ವ್ಯಾಪಾರಿಯು ಬಾಕಿಯನ್ನು ಕೈಬಿಡಬೇಕು, ಇಲ್ಲವೆ ನೆನಪಿನ ಮೇಲೆ ಕೇಳಬೇಕು. ನೆನಪಿನ ಮೇಲೆ ಕೇಳಿದಾಗ ಆಗಲೇ ಕೊಟ್ಟವನಿಗೆ ಮತ್ತೆ ಕೇಳಿದಂತಾಗುವ ಸಂಭವವಿದೆ. ಎರಡು ತಲೆಮಾರಿನ ವಿಶ್ವಾಸವು ಅಂತಹ ಒಂದು ಪ್ರಶ್ನೆಯಿಂದ ಮುರಿಯಬಲ್ಲದು. ಆದ್ದರಿಂದ ಲೆಕ್ಕದ ಎರಡನೆಯ ಪ್ರತಿಯನ್ನು ಕಾಪಾಡುವ ಕೆಲಸವು, ಅಂದರೆ ಪೇಟೆಯಲ್ಲಿ 'ಬ್ಯಾಕಪ್' ಎಂದು ರೂಢಿಯಾಗಿರುವ ಕೆಲಸವು, ಯಂತ್ರಜ್ಞರಿಗೆ ಮಾತ್ರ ಬಿಡತಕ್ಕ ವಿಷಯವಲ್ಲ. ಅಂಗಡಿಯ ಯಜಮಾನನೇ ಅದರ ತತ್ತ್ವವನ್ನು ತಿಳಿದಿರಬೇಕು.

ಮೊದಲು ಕೇಳಬೇಕಾದ ಪ್ರಶ್ನೆಗಳು

ಯಾವ ಸಾಧನವನ್ನು ಕೊಳ್ಳಬೇಕೆಂಬ ಪ್ರಶ್ನೆಯಿಂದ ಅನೇಕರು ಆರಂಭಿಸುತ್ತಾರೆ. ಅದು ತಲೆಕೆಳಗಾದ ಕ್ರಮ. ಯಾವುದನ್ನು ಉಳಿಸಬೇಕೆಂಬುದನ್ನು ಮೊದಲು ನಿರ್ಧರಿಸಬೇಕು. ಅಂಗಡಿಯ ಕಂಪ್ಯೂಟರಿನಲ್ಲಿರುವುದನ್ನು ಮೂರು ಭಾಗ ಮಾಡಬಹುದು. ಉದ್ರಿ ಖಾತೆ, ಸರಕಿನ ದಾಸ್ತಾನು, ಮಾರಾಟದ ಬಿಲ್ಲುಗಳು, ಗಿರಾಕಿಗಳ ವಿವರ ಮುಂತಾದವು ಬೇರೆಲ್ಲಿಯೂ ದೊರೆಯದವು. ಇವು ಮೊದಲನೆಯ ಭಾಗ. ಬ್ಯಾಂಕಿನ ಖಾತೆಯ ವಿವರ, ಸಲ್ಲಿಸಿದ ತೆರಿಗೆಯ ವಿವರಣೆಗಳು ಶ್ರಮಪಟ್ಟರೆ ಬೇರೆ ಕಡೆಯಿಂದ ಮರಳಿ ದೊರೆಯತಕ್ಕವು; ಇವು ಎರಡನೆಯ ಭಾಗ. ಲೆಕ್ಕದ ತಂತ್ರಾಂಶ ಮೊದಲಾದವನ್ನು ಮತ್ತೆ ಹಾಕಿಸಿಕೊಳ್ಳಬಹುದು; ಇವು ಮೂರನೆಯ ಭಾಗ. ಮೊದಲನೆಯ ಭಾಗಕ್ಕೆ ಸಲ್ಲುವ ಎಚ್ಚರವು ಮೂರನೆಯದಕ್ಕೆ ಬೇಡ.

ಅನಂತರ ಎರಡು ಪ್ರಶ್ನೆಗಳು ಬರುತ್ತವೆ. ಎಷ್ಟು ದಿನದ ಲೆಕ್ಕವು ಹೋದರೆ ಮತ್ತೆ ಬರೆದುಕೊಳ್ಳಲು ಸಾಧ್ಯ? ಲೆಕ್ಕವು ಮರಳಿ ಬರುವವರೆಗೆ ಎಷ್ಟು ಹೊತ್ತು ಅಂಗಡಿಯು ಕಾಯಬಲ್ಲದು? ದಿನಕ್ಕೆ ಹತ್ತು ಬಿಲ್ಲು ಬರೆಯುವವನು ಒಂದು ವಾರದ ಲೆಕ್ಕವನ್ನು ಬಿಲ್ಲಿನ ಪುಸ್ತಕದಿಂದ ಮತ್ತೆ ಬರೆದಾನು. ಇನ್ನೂರು ಬಿಲ್ಲು ಬರೆಯುವವನಿಗೆ ಒಂದು ದಿನದ ಲೆಕ್ಕವೇ ಭಾರವಾದೀತು. ಮೊದಲನೆಯ ಪ್ರಶ್ನೆಯ ಉತ್ತರವು ಎಷ್ಟು ದಿನಕ್ಕೊಮ್ಮೆ ಪ್ರತಿ ತೆಗೆಯಬೇಕೆಂಬುದನ್ನು ತಿಳಿಸುತ್ತದೆ. ಎರಡನೆಯದರ ಉತ್ತರವು ಆ ಪ್ರತಿಯು ಎಷ್ಟು ಹತ್ತಿರದಲ್ಲಿರಬೇಕೆಂಬುದನ್ನು ತಿಳಿಸುತ್ತದೆ.

ಅಪಾಯಗಳು ಬೇರೆ, ಪರಿಹಾರಗಳೂ ಬೇರೆ

ಲೆಕ್ಕವನ್ನು ನುಂಗುವ ಶತ್ರುಗಳು ಹಲವು. ಡಿಸ್ಕ್ ತಾನಾಗಿಯೇ ಕೆಡುವುದು ಸಾಮಾನ್ಯ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಡಿಸ್ಕ್ ಇದ್ದರೆ ಸಾಕು. ಆದರೆ ಕಳವು, ಬೆಂಕಿ, ನೆರೆಗಳು ಪಕ್ಕದ ಡಿಸ್ಕನ್ನೂ ಬಿಡುವುದಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿ ಹಾವೇರಿ ಜಿಲ್ಲೆಯ ನದೀತೀರದ ಊರುಗಳಿಗೆ ನೀರು ನುಗ್ಗಿದುದನ್ನು ಈ ಭಾಗದ ಜನರು ಮರೆತಿಲ್ಲ. ಒಂದೇ ಕೋಣೆಯಲ್ಲಿ ಕಂಪ್ಯೂಟರೂ ಅದರ ಪ್ರತಿಯೂ ಇದ್ದರೆ ನೀರಿಗೆ ಎರಡೂ ಒಂದೇ. ದೊಡ್ಡವರೂ ಈ ತಪ್ಪಿಗೆ ಹೊರತಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರಕಾರಿ ಮಾಹಿತಿ ಕೇಂದ್ರದಲ್ಲಿ ಬ್ಯಾಟರಿಗಳಿಂದ ಬೆಂಕಿ ಹತ್ತಿತು. ಸರಕಾರಿ ನೌಕರರು ತಮ್ಮ ಕಡತಗಳನ್ನಿಡುತ್ತಿದ್ದ 'ಜಿ-ಡ್ರೈವ್' ಎಂಬ ಭಂಡಾರವು ಅದಕ್ಕೆ ಆಹುತಿಯಾಯಿತು. ಅದರಲ್ಲಿದ್ದ 858 ಟೆರಾಬೈಟ್ ಮಾಹಿತಿಗೆ ಹೊರಗೆಲ್ಲಿಯೂ ಪ್ರತಿಯಿರಲಿಲ್ಲ.

ಇನ್ನೆರಡು ಶತ್ರುಗಳು ಒಳಗಿನಿಂದ ಬರತಕ್ಕವು. ಒಂದು, ಮನುಷ್ಯನ ಕೈತಪ್ಪು: ಅಳಿಸಬಾರದುದನ್ನು ಅಳಿಸುವುದು, ಹಳೆಯ ಲೆಕ್ಕದ ಮೇಲೆ ಹೊಸದನ್ನು ಬರೆಯುವುದು. ಇನ್ನೊಂದು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಇಂತಹ ತಂತ್ರಾಂಶವು ಸುಮಾರು 150 ದೇಶಗಳ ಕಂಪ್ಯೂಟರುಗಳನ್ನು ಬಾಧಿಸಿತು. ಇಂತಹವು ಕಂಪ್ಯೂಟರಿಗೆ ಸದಾ ಜೋಡಿಸಿಟ್ಟಿರುವ ಬ್ಯಾಕಪ್ ಡಿಸ್ಕಿಗೂ ಬೀಗ ಹಾಕಬಲ್ಲವು. ಆದುದರಿಂದ ಪ್ರತಿ ತೆಗೆದ ಕೂಡಲೆ ಡಿಸ್ಕನ್ನು ಬಿಡಿಸಿ ಇಡುವುದು ಅತ್ಯಾವಶ್ಯಕ.

ಮೂರು, ಎರಡು, ಒಂದು

ಈ ಶತ್ರುಗಳೆಲ್ಲವನ್ನೂ ಮನಸ್ಸಿನಲ್ಲಿಟ್ಟು ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕನು ಒಂದು ಸುಲಭಸೂತ್ರವನ್ನು ಪ್ರಚಾರಕ್ಕೆ ತಂದನು. ಮೂಲವೂ ಸೇರಿ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳ ಮೇಲಿರಬೇಕು. ಅವುಗಳಲ್ಲಿ ಒಂದಾದರೂ ಬೇರೆ ಸ್ಥಳದಲ್ಲಿರಬೇಕು.

ಎರಡು ಬಗೆಯ ಸಾಧನಗಳೇಕೆಂಬುದಕ್ಕೆ ಹಿರೇಕೆರೂರು ತಾಲೂಕಿನ ಅಬಲೂರಿನ ಶಾಸನಗಳೇ ನಿದರ್ಶನ. ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನಗಳು ಕಲ್ಲಿನ ಮೇಲಿವೆ. ಅವುಗಳ ಪಾಠವನ್ನು ಫ್ಲೀಟ್ ಎಂಬ ವಿದ್ವಾಂಸನು ಸಂಪಾದಿಸಿ ಅಚ್ಚು ಹಾಕಿಸಿದುದರಿಂದ ಅದು ಕಾಗದದ ಮೇಲೂ ನೆಲೆಗೊಂಡಿತು. ಕಲ್ಲಿಗೆ ಬಿಸಿಲು ಮಳೆಗಳ ಭಯ, ಕಾಗದಕ್ಕೆ ಹುಳುವಿನ ಭಯ. ಭಯಗಳು ಬೇರೆ ಬೇರೆಯಾದುದರಿಂದ ಎರಡೂ ಒಂದೇ ದಿನ ನಾಶವಾಗುವ ಸಂಭವ ಕಡಿಮೆ. ಅಂಗಡಿಯ ಮಟ್ಟಿಗೆ ಡಿಸ್ಕ್ ಒಂದು ಬಗೆ, ಅಂತರ್ಜಾಲದ ಮೂಲಕ ದೂರದ ಭಂಡಾರದಲ್ಲಿಡುವ 'ಕ್ಲೌಡ್' ಇನ್ನೊಂದು ಬಗೆ. ಮುದ್ರಿಸಿದ ಕಾಗದವೂ ಒಂದು ಬಗೆಯೇ.

ಡಿಸ್ಕಿನ ಗುಣವೆಂದರೆ ಒಮ್ಮೆ ಕೊಂಡರೆ ತಿಂಗಳ ಬಾಡಿಗೆಯಿಲ್ಲ, ಮರಳಿ ಪಡೆಯುವುದು ಶೀಘ್ರ. ದೋಷವೆಂದರೆ ಅದನ್ನು ಜೋಡಿಸಿ ಬಿಡಿಸುವ ಕೆಲಸವನ್ನು ಒಬ್ಬರು ನೆನಪಿಟ್ಟು ಮಾಡಬೇಕು. ನಾಲ್ಕೈದು ವರ್ಷಗಳಲ್ಲಿ ಹೊಸದನ್ನು ಕೊಳ್ಳುವುದು ಕ್ಷೇಮ. ಪೆನ್‌ಡ್ರೈವು ಒಯ್ಯಲು ಅನುಕೂಲವೇ ಹೊರತು ಬಹುಕಾಲ ನಂಬಿ ಇಡತಕ್ಕದ್ದಲ್ಲ. ಕ್ಲೌಡಿನ ಗುಣವೆಂದರೆ ಅದು ಸ್ವಭಾವತಃ ಬೇರೆ ಸ್ಥಳದಲ್ಲಿದೆ ಮತ್ತು ರಾತ್ರಿ ತಾನಾಗಿಯೇ ಕೆಲಸ ಮಾಡಬಲ್ಲದು. ದೋಷವೆಂದರೆ ಅದು ಅಂತರ್ಜಾಲದ ವೇಗವನ್ನೂ, ಕಾಲಕಾಲಕ್ಕೆ ಸಲ್ಲಿಸುವ ಶುಲ್ಕವನ್ನೂ ಅವಲಂಬಿಸಿದೆ. 500 ಮೆಗಾಬೈಟಿನ ಲೆಕ್ಕವನ್ನು ಸೆಕೆಂಡಿಗೆ 4 ಮೆಗಾಬಿಟ್ ವೇಗದಲ್ಲಿ ಕಳಿಸಲು ಸುಮಾರು 17 ನಿಮಿಷ ಸಾಕು. 100 ಗಿಗಾಬೈಟಿನ ಚಿತ್ರಗಳನ್ನು ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಕಳಿಸಲು ಸುಮಾರು 22 ಗಂಟೆ ಬೇಕು. ಮೊದಲ ಸಲ ಸಮಗ್ರವಾಗಿ ಕಳಿಸಿ, ಅನಂತರ ಬದಲಾದಷ್ಟನ್ನು ಮಾತ್ರ ಕಳಿಸುವ ವ್ಯವಸ್ಥೆಯಿದ್ದರೆ ದಿನದ ಹೊರೆ ಹಗುರವಾಗುತ್ತದೆ.

ಹಳೆಯ ಪ್ರತಿಗೆ ಹೆಚ್ಚಿನ ಬೆಲೆ

ಇಲ್ಲಿ ಒಂದು ಭ್ರಾಂತಿಯನ್ನು ಕಳೆಯಬೇಕು. ಕಂಪ್ಯೂಟರಿನ ಒಂದು ಕಡತಕೋಶವನ್ನು ಕ್ಲೌಡಿನಲ್ಲಿರುವ ಇನ್ನೊಂದು ಕೋಶದೊಡನೆ ಸದಾ ಸರಿಹೊಂದಿಸುವ 'ಸಿಂಕ್' ಎಂಬ ಸೌಲಭ್ಯವಿದೆ. ಅದನ್ನೇ ಬ್ಯಾಕಪ್ ಎಂದು ಭಾವಿಸುವವರು ಬಹಳ. ಅದು ಕನ್ನಡಿಯಿದ್ದಂತೆ. ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿಯುತ್ತದೆ. ಇಲ್ಲಿ ಬೀಗ ಬಿದ್ದುದಕ್ಕೆ ಅಲ್ಲಿಯೂ ಬೀಗ ಬೀಳುತ್ತದೆ. ಕೆಲವು ಸೇವೆಗಳು ಹಿಂದಿನ ರೂಪಗಳನ್ನು ಕೆಲವು ದಿನ ಉಳಿಸಿಡುತ್ತವೆಯಾದರೂ ಆ ಅವಧಿ ಎಷ್ಟೆಂಬುದನ್ನು ಮೊದಲೇ ತಿಳಿದಿರಬೇಕು. ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ 'ರೇಡ್' ಪದ್ಧತಿಗೂ ಇದೇ ಮಾತು ಸಲ್ಲುತ್ತದೆ. ಅದು ಡಿಸ್ಕ್ ಕೆಟ್ಟಾಗ ಅಂಗಡಿಯನ್ನು ನಡೆಸುತ್ತದೆಯೇ ಹೊರತು ಕೈತಪ್ಪಿನಿಂದ ಕಾಪಾಡುವುದಿಲ್ಲ.

ಗ್ರಂಥಸಂಪಾದನೆ ಮಾಡಿದವರಿಗೆ ಈ ವಿಷಯವು ಹೊಸದಲ್ಲ. ಲಿಪಿಕಾರನು ಒಂದು ಅಕ್ಷರವನ್ನು ತಪ್ಪಿದರೆ ಆ ಪ್ರತಿಯಿಂದ ಹುಟ್ಟಿದ ಪ್ರತಿಗಳೆಲ್ಲ ಅದೇ ತಪ್ಪನ್ನು ಹೊತ್ತು ಬರುತ್ತವೆ. ಹತ್ತು ಪ್ರತಿಗಳು ಒಂದೇ ಪಾಠವನ್ನು ಕೊಟ್ಟರೂ ಅವು ಒಂದೇ ಮಾತೃಕೆಯ ಮಕ್ಕಳಾಗಿದ್ದರೆ ಸಾಕ್ಷಿಯು ಒಂದೇ. ಅದಕ್ಕಾಗಿಯೇ ತಪ್ಪು ಸೇರುವ ಮೊದಲಿನ ಹಳೆಯ ಪ್ರತಿಯನ್ನು ಸಂಪಾದಕನು ಹುಡುಕುತ್ತಾನೆ. ಲೆಕ್ಕದಲ್ಲಿಯೂ ಹಾಗೆಯೇ. ಜೂನ್ ತಿಂಗಳಲ್ಲಿ ನುಸುಳಿದ ತಪ್ಪು ಆಗಸ್ಟಿನಲ್ಲಿ ಕಣ್ಣಿಗೆ ಬಿದ್ದರೆ ನಿನ್ನೆಯ ಪ್ರತಿಯಿಂದ ಪ್ರಯೋಜನವಿಲ್ಲ, ಮೇ ತಿಂಗಳಿನದು ಬೇಕು. ಆದ್ದರಿಂದ ಕಳೆದ ಏಳು ದಿನಗಳ ದಿನಪ್ರತಿಗಳು, ಕಳೆದ ನಾಲ್ಕು ವಾರಗಳ ವಾರಪ್ರತಿಗಳು, ಹನ್ನೆರಡು ತಿಂಗಳುಗಳ ತಿಂಗಳಪ್ರತಿಗಳು, ಮಾರ್ಚ್ 31ಕ್ಕೆ ಲೆಕ್ಕ ಮುಗಿದ ಮೇಲೆ ತೆಗೆದ ವರ್ಷಪ್ರತಿಗಳು ಹೀಗೆ ಶ್ರೇಣಿಯಾಗಿ ಇರುವುದು ಲೇಸು. ವರ್ಷಪ್ರತಿಯನ್ನು ಎಷ್ಟು ಕಾಲ ಇಡಬೇಕೆಂಬುದಕ್ಕೆ ಕಾನೂನೇ ಉತ್ತರ ಕೊಡುತ್ತದೆ. ಜಿಎಸ್‌ಟಿ ನೋಂದಣಿಯುಳ್ಳವರು ವಾರ್ಷಿಕ ವಿವರಣೆಯನ್ನು ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡತಕ್ಕದ್ದು. ವ್ಯಾಜ್ಯವಿದ್ದರೆ ಅವಧಿಯು ಇನ್ನೂ ಹೆಚ್ಚಬಹುದು.

ನಾಲ್ಕು ಅಂಗಡಿಗಳು

ಈ ತತ್ತ್ವಗಳು ಆಚರಣೆಯಲ್ಲಿ ಹೇಗೆ ಭೇದವನ್ನು ಹೊಂದುತ್ತವೆಂಬುದನ್ನು ತಿಳಿಯಲು ನಾಲ್ಕು ಊರುಗಳಲ್ಲಿ ನಾಲ್ಕು ಬಗೆಯ ವ್ಯಾಪಾರಗಳನ್ನು ಕಲ್ಪಿಸಿಕೊಳ್ಳಬಹುದು.

ಸವಣೂರಿನ ವೀಳ್ಯದೆಲೆಯ ವ್ಯಾಪಾರಿಯ ಲೆಕ್ಕವು ಮೊಬೈಲಿನಲ್ಲಿಯೂ ಕಿಸೆಯ ಪುಸ್ತಕದಲ್ಲಿಯೂ ಇರುತ್ತದೆ. ಅವನ ಮುಖ್ಯ ಭಯವು ಮೊಬೈಲು ಕಳೆಯುವುದು. ಅವನಿಗೆ ರಾತ್ರಿ ತಾನಾಗಿಯೇ ಕ್ಲೌಡಿಗೆ ಪ್ರತಿ ಹೋಗುವ ವ್ಯವಸ್ಥೆ ಒಂದು, ಕಾರ್ಬನ್ ಹಾಳೆಯಿಟ್ಟು ಬರೆದ ಬಿಲ್ಲಿನ ಪುಸ್ತಕ ಇನ್ನೊಂದು, ಇಷ್ಟಿದ್ದರೆ ಸಾಕು. ಆದರೆ ಕ್ಲೌಡಿನ ಖಾತೆಯನ್ನು ತೆರೆಯಲು ಬೇಕಾದ ಸಂಕೇತವು ಕಳೆದ ಮೊಬೈಲಿಗೇ ಬರುವಂತಿದ್ದರೆ ಪ್ರತಿಯಿದ್ದೂ ಇಲ್ಲದಂತಾದೀತು. ಮರಳಿ ಪಡೆಯುವ ಬೇರೆ ದಾರಿಯನ್ನು ಮೊದಲೇ ಮಾಡಿಟ್ಟಿರಬೇಕು.

ಹಿರೇಕೆರೂರಿನ ಗೊಬ್ಬರ-ಬೀಜದ ಅಂಗಡಿಯಲ್ಲಿ ಒಂದೇ ಕಂಪ್ಯೂಟರು. ಬೇಸಗೆಯಲ್ಲಿ ಎರಡು ದಿನ ನಿಂತರೂ ನಡೆದೀತು. ಗೋವಿನಜೋಳದ ಬಿತ್ತನೆಯ ಹೊತ್ತಿನಲ್ಲಿ ಅರ್ಧ ದಿನ ನಿಂತರೂ ರೈತನು ಬರಿಗೈಯಲ್ಲಿ ಮರಳಬೇಕು. ಇವನಿಗೆ ದಿನಾಲು ಕ್ಲೌಡಿಗೆ ಪ್ರತಿ, ಮತ್ತು ಎರಡು ಡಿಸ್ಕುಗಳು ಬೇಕು. ಒಂದು ಡಿಸ್ಕು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ವಾರಕ್ಕೊಮ್ಮೆ ಉದ್ರಿಯ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿಟ್ಟರೆ ವಿದ್ಯುತ್ತು ಇಲ್ಲದ ದಿನವೂ ಯಾರ ಬಾಕಿ ಎಷ್ಟೆಂಬುದು ತಿಳಿಯುತ್ತದೆ.

ಹಾನಗಲ್ಲಿನ ಅಕ್ಕಿಯ ಗಿರಣಿಯಲ್ಲಿ ತೂಕದ ಕಟ್ಟೆಗೊಂದು, ಕಚೇರಿಗೊಂದು ಎಂದು ಮೂರು ನಾಲ್ಕು ಕಂಪ್ಯೂಟರುಗಳಿರುತ್ತವೆ. ಪ್ರತಿಯೊಬ್ಬರೂ ತಮ್ಮ ತಮ್ಮ ಯಂತ್ರದಲ್ಲಿ ಕಡತ ಇಟ್ಟುಕೊಂಡರೆ ಯಾವುದರ ಪ್ರತಿ ಎಲ್ಲಿದೆಯೆಂಬುದೇ ತಿಳಿಯದು. ಎಲ್ಲರೂ ಒಂದೇ ಡಿಸ್ಕ್ ಪೆಟ್ಟಿಗೆಗೆ ಬರೆಯುವಂತೆ ಮಾಡಿ, ಆ ಪೆಟ್ಟಿಗೆಯ ಪ್ರತಿಯನ್ನು ಕ್ಲೌಡಿಗೂ, ವಾರಕ್ಕೊಮ್ಮೆ ಬಿಡಿಸಿಡುವ ಡಿಸ್ಕಿಗೂ ಕಳಿಸಬೇಕು.

ಶಿಗ್ಗಾಂವಿಯ ಫೋಟೋ ಸ್ಟುಡಿಯೋದ ಸಂಗತಿಯೇ ಬೇರೆ. ಮದುವೆಯ ಚಿತ್ರಗಳನ್ನು ಮತ್ತೆ ತೆಗೆಯಲು ಮುಹೂರ್ತವು ಮರಳಿ ಬರುವುದಿಲ್ಲ. ಎಲ್ಲವನ್ನೂ ಕ್ಲೌಡಿಗೆ ಕಳಿಸಲು ವೇಗ ಸಾಲದು. ಆದ್ದರಿಂದ ಎರಡು ಡಿಸ್ಕುಗಳಲ್ಲಿ ಪ್ರತಿಯಾಗುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸಬಾರದು. ಒಂದು ಡಿಸ್ಕು ಅಂದೇ ಮನೆಗೆ ಹೋಗಬೇಕು. ಆಯ್ದ ಚಿತ್ರಗಳು ಮಾತ್ರ ಕ್ಲೌಡಿಗೆ ಹೋದರೆ ಸಾಕು.

ಓದಿ ನೋಡದ ಪ್ರತಿಯು ಪ್ರತಿಯಲ್ಲ

ಮೇಲಿನದೆಲ್ಲವನ್ನೂ ಮಾಡಿಯೂ ಮೋಸಹೋಗುವವರಿದ್ದಾರೆ, ಅದಕ್ಕೆ ಕಾರಣವೊಂದೇ. 2017ರ ಜನವರಿ 31ರಂದು 'ಗಿಟ್‌ಲ್ಯಾಬ್' ಎಂಬ ತಂತ್ರಾಂಶ ಸಂಸ್ಥೆಯಲ್ಲಿ ನೌಕರನೊಬ್ಬನ ಕೈತಪ್ಪಿನಿಂದ ಮುಖ್ಯ ಮಾಹಿತಿಕೋಶವು ಅಳಿಸಿಹೋಯಿತು. ಅಲ್ಲಿ ಹಲವು ಬಗೆಯ ಬ್ಯಾಕಪ್ ಕ್ರಮಗಳಿದ್ದವು. ಆದರೆ ಅವು ಸರಿಯಾಗಿ ನಡೆಯುತ್ತಿರಲಿಲ್ಲವೆಂಬುದು ಬೇಕಾದ ಹೊತ್ತಿಗೆ ಗೊತ್ತಾಯಿತು. ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯೊಂದು ಅದೃಷ್ಟವಶಾತ್ ಇದ್ದುದರಿಂದ ಸಂಸ್ಥೆಯು ಉಳಿಯಿತು. ಆ ಆರು ಗಂಟೆಗಳ ಮಾಹಿತಿಯು ಹೋಯಿತು.

ತಾಳೆಗರಿಯ ಕಟ್ಟನ್ನು ಬಿಚ್ಚಿ ನೋಡದೆ ನೂರು ವರ್ಷ ಪೂಜಿಸಿದವರ ಮನೆಗಳಲ್ಲಿ ಒಳಗೆ ಬರಿಯ ಹುಡಿ ಉಳಿದಿರುವುದುಂಟು. ಹೊರಗಿನ ಹಲಗೆಗಳು ಗಟ್ಟಿಯಾಗಿದ್ದರೆ ಒಳಗಿನ ಗ್ರಂಥವು ಇದೆಯೆಂದು ಅರ್ಥವಲ್ಲ. 'ಬ್ಯಾಕಪ್ ಯಶಸ್ವಿಯಾಗಿದೆ' ಎಂದು ಪರದೆಯ ಮೇಲೆ ಮೂಡುವ ಅಕ್ಷರಗಳೂ ಹೊರಗಿನ ಹಲಗೆಗಳೇ. ಮೂರು ತಿಂಗಳಿಗೊಮ್ಮೆಯಾದರೂ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ, ಅದಾಗದಿದ್ದರೆ ಬೇರೊಂದು ಕಡತಕೋಶದಲ್ಲಿ, ಮರಳಿ ತೆರೆದು ನೋಡಬೇಕು. ನಡೆಯುತ್ತಿರುವ ಲೆಕ್ಕದ ಮೇಲೆಯೇ ಹಳೆಯ ಪ್ರತಿಯನ್ನು ತೆರೆದರೆ ಇಂದಿನ ಲೆಕ್ಕವು ಅಳಿಸಿಹೋಗಬಹುದಾದ್ದರಿಂದ ಈ ಎಚ್ಚರ. ತೆರೆದ ಮೇಲೆ ಐದು ಗಿರಾಕಿಗಳ ಬಾಕಿಯನ್ನು, ಒಂದು ದಿನದ ಒಟ್ಟು ಮಾರಾಟವನ್ನು, ಒಂದು ಸರಕಿನ ದಾಸ್ತಾನನ್ನು ಮೂಲದೊಡನೆ ತಾಳೆ ನೋಡಬೇಕು. ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ಬರೆದಿಡಬೇಕು. ಆಪತ್ತಿನ ದಿನ ಅಷ್ಟೇ ಹೊತ್ತು ಅಂಗಡಿಯು ಕಾಯಬೇಕಾಗುತ್ತದೆ.

ಸರಕಾರದ ನಿಯಮವೂ ಇದನ್ನೇ ಅಪೇಕ್ಷಿಸುತ್ತದೆ. 2017ರ ಕೇಂದ್ರ ಜಿಎಸ್‌ಟಿ ನಿಯಮಗಳಲ್ಲಿ 57ನೆಯದು ವಿದ್ಯುನ್ಮಾನ ಲೆಕ್ಕಗಳಿಗೆ ಬ್ಯಾಕಪ್ ಇರಬೇಕೆಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಅಪಘಾತದಿಂದಾಗಲಿ ಪ್ರಕೃತಿಯಿಂದಾಗಲಿ ಲೆಕ್ಕವು ನಾಶವಾದಾಗ ಯುಕ್ತವಾದ ಕಾಲದೊಳಗೆ ಅದನ್ನು ಮರಳಿ ಪಡೆಯುವಂತಿರಬೇಕೆಂಬುದೇ ಅದರ ತಾತ್ಪರ್ಯ. ಮರಳಿ ಪಡೆದು ನೋಡದವನು ಈ ಮಾತನ್ನು ಧೈರ್ಯದಿಂದ ಹೇಳಲಾರನು.

ಕೀಲಿಕೈ ಮತ್ತು ಕೈಬದಲು

ಗಿರಾಕಿಗಳ ಹೆಸರು, ಸಾಲ, ಫೋನ್ ಸಂಖ್ಯೆಗಳಿರುವ ಡಿಸ್ಕು ಪರರ ಕೈಗೆ ಬಿದ್ದರೆ ಮಾನಹಾನಿ. ಆದುದರಿಂದ ಪ್ರತಿಗೆ ಗುಪ್ತಪದದ ಬೀಗವಿರಬೇಕು. ಆದರೆ ಗುಪ್ತಪದವು ಮರೆತರೆ ಆ ಬೀಗವನ್ನು ಯಜಮಾನನೂ ತೆರೆಯಲಾರನು. ಅದನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಮುಚ್ಚಿ, ಮನೆಯಲ್ಲಿ ನಂಬಿಕೆಯವರ ಬಳಿ ಇಡುವುದು ಯೋಗ್ಯ. ಅಂಗಡಿಯ ಗುಮಾಸ್ತನೊಬ್ಬನಿಗೇ ಈ ವಿಷಯಗಳೆಲ್ಲ ತಿಳಿದಿದ್ದು, ಅವನು ಕೆಲಸ ಬಿಟ್ಟರೆ ಗತಿಯೇನು? ಯಜಮಾನನ ಮನೆಯವರಲ್ಲಿ ಇನ್ನೊಬ್ಬರಿಗಾದರೂ ಪ್ರತಿ ತೆಗೆಯುವ, ಮರಳಿ ತೆರೆಯುವ ಕ್ರಮವು ಗೊತ್ತಿರಬೇಕು. ಒಂದು ಚಿಕ್ಕ ದಾಖಲೆಪುಸ್ತಕದಲ್ಲಿ ಯಾವ ದಿನ ಯಾರು ಪ್ರತಿ ತೆಗೆದರು, ಯಾವ ಡಿಸ್ಕಿನಲ್ಲಿ, ಯಾವಾಗ ಪರೀಕ್ಷಿಸಿದರು ಎಂಬುದನ್ನು ಬರೆಯುತ್ತ ಹೋದರೆ ಮರೆವಿಗೆ ಆಸ್ಪದವಿರುವುದಿಲ್ಲ.

ಒಟ್ಟಿನಲ್ಲಿ, ಯಾವ ಸಾಧನವು ಶ್ರೇಷ್ಠವೆಂಬ ವಾದಕ್ಕಿಂತ ಪ್ರತಿಯು ಬೇರೆ ಊರಲ್ಲಿದೆಯೆ, ಬೇರೆ ದಿನದ್ದಿದೆಯೆ, ತೆರೆದು ಓದಲು ಬರುತ್ತದೆಯೆ ಎಂಬ ಮೂರು ಪ್ರಶ್ನೆಗಳೇ ಮುಖ್ಯ. ಇವಕ್ಕೆ ಹೌದೆಂದು ಉತ್ತರಿಸಬಲ್ಲ ಚಿಕ್ಕ ಅಂಗಡಿಯು, ಉತ್ತರಿಸಲಾರದ ದೊಡ್ಡ ಕಚೇರಿಗಿಂತ ಸುರಕ್ಷಿತ. ಉದ್ರಿಯ ಪುಟದಲ್ಲಿ ಬರೆದಿರುವುದು ವ್ಯಾಪಾರಿಯೊಬ್ಬನ ಸೊತ್ತಲ್ಲ. ಕೊಟ್ಟವನ ಮತ್ತು ಕೊಂಡವನ ನಡುವಣ ಸತ್ಯ ಅದು. ಅತ್ತಿಮಬ್ಬೆಯು ಪರರು ಬರೆದ ಕಾವ್ಯಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದಳು. ತನ್ನ ಕೈಯಿಂದ ಬರೆದ ಲೆಕ್ಕಕ್ಕೆ ಮೂರು ಪ್ರತಿಗಳನ್ನು ಮಾಡಿಟ್ಟುಕೊಳ್ಳುವುದು ವ್ಯಾಪಾರಸ್ಥನಿಗೆ ಭಾರವಾಗಲಾರದು.